ಮೇನ್‌ಫ್ರೇಮ್ ಲಿನಕ್ಸಿನ ಜಾಲಚಾಲಕಗಳು: ಅವಲಂಬನೆಯ ಒಂದು ಚಾರಿತ್ರಿಕ ವಿವೇಚನೆ

ಇತಿಹಾಸದ ಆಧಾರಗಳೆಂದೊಡನೆ ನಮ್ಮ ದೃಷ್ಟಿ ಶಾಸನ, ನಾಣ್ಯ, ಕಡತಗಳತ್ತ ಹರಿಯುವುದು ಸಹಜ. ಆದರೆ ಯಂತ್ರಗಳ ಚರಿತ್ರೆಗೆ ಒದಗುವ ಲೇಖಗಳು ಅನ್ಯತ್ರವೂ ಉಂಟು. ಲಿನಕ್ಸ್ ಕರ್ನಲ್‌ನ ಆಯ್ಕೆಪಟ್ಟಿಯಲ್ಲಿರುವ ಅವಲಂಬನೆಯ ಸಾಲುಗಳು ಅಂಥವು. ಒಂದು ಚಾಲಕವು ಕರ್ನಲ್‌ನೊಳಗೆ ಸೇರಬೇಕಾದರೆ ಬೇರಾವ ಆಯ್ಕೆಗಳು ಮೊದಲೇ ಅಂಗೀಕೃತವಾಗಿರಬೇಕೆಂಬುದನ್ನು ಅವು ವಿಧಿಸುತ್ತವೆ.

ಐ.ಬಿ.ಎಂ. ಸಂಸ್ಥೆಯು 1964ರ ಏಪ್ರಿಲ್ 7ರಂದು ಸಿಸ್ಟಂ/360 ಗಣಕಗಳನ್ನು ಪ್ರಕಟಿಸಿತು. ಅವುಗಳಲ್ಲಿ ಹೊರಗಿನ ಸಾಧನಗಳೊಡನೆ ವ್ಯವಹಾರವು ಚಾನೆಲ್ ಎಂಬ ಪ್ರತ್ಯೇಕ ಮಾರ್ಗದಿಂದ, ಚಾನೆಲ್ ಕಮಾಂಡ್ ವರ್ಡ್ ಎಂಬ ಆಜ್ಞೆಗಳ ಮೂಲಕ ನಡೆಯುತ್ತಿತ್ತು. ಅದೇ ಪರಂಪರೆಯ ಎಸ್/390 ಯಂತ್ರಕ್ಕೆ ಲಿನಕ್ಸನ್ನು ಹೊಂದಿಸುವ ಕಾರ್ಯವನ್ನು ಜರ್ಮನಿಯ ಬೋಬ್ಲಿಂಗೆನ್ ಪ್ರಯೋಗಾಲಯದವರು ಕೈಗೊಂಡರು. 1999ರ ಡಿಸೆಂಬರಿನಲ್ಲಿ ಅದು ಬಹಿರಂಗವಾಯಿತು. ಆದುದರಿಂದಲೇ ಇಲ್ಲಿಯ ಜಾಲಚಾಲಕಗಳ ಅವಲಂಬನೆಯಲ್ಲಿ ಆ ಆಜ್ಞೆಗಳ ಸಂಕ್ಷೇಪನಾಮವಾದ ಸಿ.ಸಿ.ಡಬ್ಲ್ಯೂ. ಎಂಬ ಪದವನ್ನು ನಾವು ಕಾಣುತ್ತೇವೆ. 1964ರ ಯಂತ್ರರಚನೆ ಹೀಗೆ ಒಂದು ಪದದಲ್ಲಿ ಉಳಿದುಬಂದಿದೆ.

ಎಲ್ಲ ಅವಲಂಬನೆಗಳೂ ಒಂದೇ ಬಗೆಯವಲ್ಲ. ಎಲ್.ಸಿ.ಎಸ್. ಚಾಲಕದ ಸಾಲು ಬಹುಕಾಲ ಈಥರ್‌ನೆಟ್, ಟೋಕನ್ ರಿಂಗ್, ಎಫ್.ಡಿ.ಡಿ.ಐ. ಎಂಬ ಮೂರು ಮಾಧ್ಯಮಗಳಲ್ಲಿ ಒಂದಾದರೂ ಇರಬೇಕೆಂದು ವಿಧಿಸಿತ್ತು. ಮೂರು ಜಾಲಪದ್ಧತಿಗಳು ಏಕಕಾಲದಲ್ಲಿ ಬಳಕೆಯಲ್ಲಿದ್ದ ಯುಗಕ್ಕೆ ಇದು ಸಾಕ್ಷಿ. ಕ್ಯೂ.ಇ.ಟಿ.ಎಚ್. ಚಾಲಕವಾದರೋ ಐ.ಪಿ. ಮಲ್ಟಿಕಾಸ್ಟ್ ಆಯ್ಕೆಯನ್ನೂ ಅಪೇಕ್ಷಿಸಿತು. ಓ.ಎಸ್.ಎ. ಕಾರ್ಡಿಗೆ, ಅದು ಮೂರನೆಯ ಸ್ತರದಲ್ಲಿ ಕೆಲಸಮಾಡುವಾಗ, ಐ.ಪಿ. ವಿಳಾಸಗಳನ್ನು ಚಾಲಕವೇ ತಿಳಿಯಪಡಿಸಬೇಕಾಗಿತ್ತೆಂಬುದನ್ನು ನೆನೆದರೆ ಇದರ ಔಚಿತ್ಯ ಸ್ಪಷ್ಟವಾಗುತ್ತದೆ.

ಈ ಸಾಲುಗಳಿಗೆ ಇಂದಿನ ರೂಪ ಬಂದುದು 2002ರಲ್ಲಿ, 2.5 ಶ್ರೇಣಿಯ ಕರ್ನಲ್‌ಗೆ ಕೆಕಾನ್ಫಿಗ್ ಎಂಬ ವ್ಯವಸ್ಥೆ ಸೇರಿದಾಗ. ಇದರಲ್ಲಿ ಒಂದು ಅಪಾಯವುಂಟು. ಯಾವ ಕಡೆಯಲ್ಲೂ ನಿರೂಪಿತವಾಗದ ಹೆಸರನ್ನು ಈ ವ್ಯವಸ್ಥೆ ‘ಇಲ್ಲ’ ಎಂದೇ ಎಣಿಸುತ್ತದೆ. 2011ರಲ್ಲಿ ಜಾಲಚಾಲಕಗಳ ಪುನರ್ವಿಂಗಡಣೆ ನಡೆದು ಈಥರ್‌ನೆಟ್ ಆಯ್ಕೆಯ ಹೆಸರು ಬದಲಾಯಿತು. 2012ರಲ್ಲಿ ಟೋಕನ್ ರಿಂಗ್ ಬೆಂಬಲವೇ ಕರ್ನಲ್‌ನಿಂದ ತೆಗೆಯಲ್ಪಟ್ಟಿತು. ಇಂಥ ಸಂದರ್ಭದಲ್ಲಿ ಅನಿವಾರ್ಯ ನಿಬಂಧನೆಯೊಂದರಲ್ಲಿ ಹಳೆಯ ಹೆಸರು ಉಳಿದುಬಿಟ್ಟರೆ ದೋಷಸೂಚನೆ ಬರುವುದಿಲ್ಲ. ಚಾಲಕದ ಆಯ್ಕೆ ಪಟ್ಟಿಯಿಂದ ಮೌನವಾಗಿ ಮರೆಯಾಗುತ್ತದೆ. ಕರ್ನಲ್ ಸಿದ್ಧವಾಗುತ್ತದೆ, ಯಂತ್ರವೂ ಚಾಲೂ ಆಗುತ್ತದೆ. ಆದರೆ ಜಾಲದ ಮೂಲಕವೇ ಅದನ್ನು ತಲಪಬೇಕಾದವನಿಗೆ ಬಾಗಿಲು ಮುಚ್ಚಿರುತ್ತದೆ.

ಇಂತು ನೋಡಿದರೆ, ಅವಲಂಬನೆಯ ಸಾಲು ಬರಿಯ ತಾಂತ್ರಿಕ ನಿಬಂಧನೆಯಲ್ಲ. ಯಂತ್ರರಚನೆ, ಮಾಧ್ಯಮ, ಸಂಪರ್ಕನಿಯಮ ಎಂಬ ಮೂರು ಸ್ತರಗಳು ಅದರಲ್ಲಿ ಒಂದರ ಮೇಲೊಂದು ಕುಳಿತಿವೆ. ಶಾಸನದಲ್ಲಿ ಒಂದು ಅಕ್ಷರ ಸವೆದರೆ ನಷ್ಟವಾಗುವುದು ಅರ್ಥ. ಇಲ್ಲಿ ಒಂದು ಹೆಸರು ತಪ್ಪಿದರೆ ಸಂಪರ್ಕವೇ ನಷ್ಟವಾಗುತ್ತದೆ. ಇವನ್ನು ಕಾಲಾನುಕ್ರಮದಲ್ಲಿ ಓದುವ ಅಭ್ಯಾಸವು ಇತಿಹಾಸದ ವಿದ್ಯಾರ್ಥಿಗಳಿಗೂ ಗಣಕದ ವಿದ್ಯಾರ್ಥಿಗಳಿಗೂ ಸಮಾನವಾಗಿ ಉಪಯುಕ್ತವೆಂಬುದು ನಮ್ಮ ಅಭಿಪ್ರಾಯ.