ಕೆಂಪು ಚುಕ್ಕಿ, ಹಸಿರು ಗೆರೆ

ಲೇಸರ್‌ನ ಚರಿತ್ರೆಯಲ್ಲಿ 1995 ಒಂದು ವಿಚಿತ್ರ ವರ್ಷ. ಆಗಸ್ಟ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನವೊಂದಕ್ಕೆ ಪೇಟೆಂಟ್ ಕೊಟ್ಟಿತು. ವಿಧಾನ ಏನಪ್ಪಾ ಅಂದ್ರೆ, ಕೈಯಲ್ಲಿರುವ ಲೇಸರ್‌ನ ಚುಕ್ಕಿಯನ್ನ ನೆಲದ ಮೇಲೆ ಓಡಾಡಿಸೋದು, ಬೆಕ್ಕು ಅದರ ಹಿಂದೆ ಓಡೋದು. ಅಷ್ಟೇ! ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 13ರಂದು, ವಿಯೆನ್ನಾದಲ್ಲಿ ಸೇರಿದ್ದ ದೇಶಗಳು ಸೈನಿಕರನ್ನು ಶಾಶ್ವತವಾಗಿ ಕುರುಡು ಮಾಡಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿದವು. 1998ರ ಜುಲೈನಲ್ಲಿ ಅದು ಜಾರಿಗೂ ಬಂತು.

ಒಂದೇ ಬೆಳಕು. ಒಂದು ಕಡೆ ಬೆಕ್ಕಿನ ಆಟ, ಇನ್ನೊಂದು ಕಡೆ ಯುದ್ಧದ ನಿಯಮ. ಲೇಸರ್ ಪೆನ್ನಿನ ಕಥೆ ಈ ಎರಡರ ನಡುವೆ ಇದೆ. ಅದನ್ನ ನಾವು ಯಾವಾಗಲೂ ಬೆಕ್ಕಿನ ಕಡೆಯಿಂದ ಮಾತ್ರ ನೋಡ್ತೀವಿ ಅನ್ನೋದು ನನ್ನ ತಕರಾರು.

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಜುಲೈನಲ್ಲಿ ಸುದ್ದಿ ಹೊರಬಿದ್ದಾಗ ಪತ್ರಿಕೆಗಳು 'ಸಾವಿನ ಕಿರಣ' ಅಂತ ಬರೆದವು. ಪಾಪ, ಮೈಮನ್‌ಗೆ ಅದು ಇಷ್ಟವಾಗಲಿಲ್ಲ. 1962ರಲ್ಲಿ ಹೀಲಿಯಂ-ನಿಯಾನ್ ಕೊಳವೆಯಿಂದ ಕೆಂಪು ಕಿರಣ ಬಂತು. ಕಾಲೇಜು ಲ್ಯಾಬ್‌ನಲ್ಲಿ ಅನೇಕರು ನೋಡಿರುವುದು ಅದನ್ನೇ. ಆದರೆ ಲೇಸರ್ ಜೇಬಿಗೆ ಇಳಿದದ್ದು ಅರೆವಾಹಕದ ದೆಸೆಯಿಂದ. 1982ರಲ್ಲಿ ಸೀಡಿ ಪ್ಲೇಯರ್ ಮಾರುಕಟ್ಟೆಗೆ ಬಂದ ಮೇಲೆ ಪುಟ್ಟ ಲೇಸರ್ ಡಯೋಡ್‌ಗಳನ್ನು ರಾಶಿಗಟ್ಟಲೆ ತಯಾರಿಸೋದು ಶುರುವಾಯ್ತು, ಬೆಲೆ ಇಳೀತಾ ಹೋಯ್ತು. ತೊಂಬತ್ತರ ದಶಕದ ಕೊನೆಗೆ ಅದು ನಮ್ಮ ಜಾತ್ರೆಗಳಲ್ಲಿ ಕೀ ಚೈನ್‌ಗೆ ನೇತುಬಿದ್ದಿತ್ತು. ಮೂತಿಗೆ ಹಾಕೋ ಮುಚ್ಚಳ ಬದಲಿಸಿದ್ರೆ ಹೃದಯ, ಚಿಟ್ಟೆ, ಬಾಣ.

ಈ ಆಟಿಕೆಗೆ ಹಾಕಿದ ಸುರಕ್ಷತೆಯ ಗೆರೆ ಒಂದು ಮಿಲಿವ್ಯಾಟ್. ಕೇಳೋಕೆ ಏನೂ ಅಲ್ಲ. ಆದರೆ ಬಲ್ಬಿನ ಬೆಳಕು ಎಲ್ಲ ಕಡೆ ಚೆಲ್ಲಿಹೋಗುತ್ತೆ, ಲೇಸರ್‌ನದು ಹಾಗಲ್ಲ. ಕಣ್ಣೊಳಗಿನ ಮಸೂರ ಅದನ್ನ ರೆಟಿನಾ ಮೇಲೆ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ಜಾಗಕ್ಕೆ ಒಟ್ಟುಮಾಡುತ್ತೆ. ಒಂದು ಮಿಲಿವ್ಯಾಟ್ ಯಾಕೆ ಅಂದ್ರೆ, ಪ್ರಖರ ಬೆಳಕು ಬಿದ್ದಾಗ ಮನುಷ್ಯ ಕಾಲು ಸೆಕೆಂಡಿನಲ್ಲಿ ಕಣ್ಣು ಮುಚ್ಚುತ್ತಾನೆ ಅನ್ನೋ ಲೆಕ್ಕ. ಜರ್ಮನಿಯ ಸಂಶೋಧಕರು ಮುಂದೆ ಜನರನ್ನು ಕೂರಿಸಿ ಪರೀಕ್ಷಿಸಿದಾಗ ಐದರಲ್ಲಿ ಒಬ್ಬರೂ ಸರಿಯಾಗಿ ಕಣ್ಣು ಮಿಟುಕಿಸಲಿಲ್ಲ! ಅಂದ್ರೆ ಇಡೀ ನಿಯಮ ನಿಂತಿರೋದು ನಾವು ಮಾಡ್ತೀವಿ ಅಂದುಕೊಂಡ, ಬಹುತೇಕರು ಮಾಡದ ಒಂದು ಕೆಲಸದ ಮೇಲೆ. ರೆಟಿನಾಕ್ಕೆ ನೋವಿನ ನರಗಳೂ ಇಲ್ಲ. ಸುಟ್ಟರೂ ಗೊತ್ತಾಗಲ್ಲ, ಆಮೇಲೆ ಓದುವಾಗ ಅಕ್ಷರಗಳ ನಡುವೆ ಒಂದು ಮಸುಕು ಕಲೆ ಕಂಡಾಗಲೇ ಗೊತ್ತಾಗೋದು.

ಆಮೇಲೆ ಹಸಿರು ಬಂತು. ಹಸಿರಿಗೆ ನಮ್ಮ ಕಣ್ಣು ಹೆಚ್ಚು ಸಂವೇದಿ, ಹಾಗಾಗಿ ಅಷ್ಟೇ ಶಕ್ತಿಗೆ ಕೆಂಪಿಗಿಂತ ಎಷ್ಟೋ ಪಟ್ಟು ಪ್ರಖರವಾಗಿ ಕಾಣುತ್ತೆ. ರಾತ್ರಿ ಆಕಾಶದಲ್ಲಿ ಗೆರೆ ಎಳೆದು ಸಪ್ತರ್ಷಿ ಮಂಡಲ ತೋರಿಸೋಕೆ ಅದಕ್ಕಿಂತ ಒಳ್ಳೇ ಕೋಲಿಲ್ಲ. ಆದರೆ ಹಸಿರು ಪೆನ್ನೊಳಗೆ ಒಂದು ಕಸರತ್ತಿದೆ: ಮೊದಲು ಹುಟ್ಟೋದು ಕಣ್ಣಿಗೆ ಕಾಣದ ಅವಗೆಂಪು ಕಿರಣ, ಅದನ್ನ ಎರಡು ಹರಳುಗಳು 532 ನ್ಯಾನೊಮೀಟರಿನ ಹಸಿರಾಗಿ ಬದಲಿಸ್ತವೆ. ಉಳಿದ ಅವಗೆಂಪನ್ನು ತಡೆಯೋಕೆ ಒಂದು ಫಿಲ್ಟರ್ ಬೇಕು. ಅಗ್ಗದ ಪೆನ್ನು ಮಾಡುವವರು ಉಳಿಸೋದು ಆ ಫಿಲ್ಟರ್‌ನ ಕಾಸನ್ನೇ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2013ರಲ್ಲಿ 122 ಪೆನ್ನುಗಳನ್ನು ಪರೀಕ್ಷಿಸಿದ ವರದಿ ಕೊಟ್ಟಿತು. ಹಸಿರಿನವುಗಳಲ್ಲಿ ಸುಮಾರು 90%, ಕೆಂಪಿನವುಗಳಲ್ಲಿ ಸುಮಾರು 44% ಅಲ್ಲಿನ 5 ಮಿಲಿವ್ಯಾಟ್ ನಿಯಮಕ್ಕೆ ಸರಿಹೊಂದುತ್ತಿರಲಿಲ್ಲ. ಲೇಬಲ್ ಒಂದು ಹೇಳುತ್ತೆ, ಒಳಗೆ ಇನ್ನೊಂದು ಇರುತ್ತೆ. ಮುನ್ನೂರು ರೂಪಾಯಿಯ ಪೆನ್ನಿನ ಮೇಲೆ ಬರೆದದ್ದನ್ನು ನಾನಂತೂ ನಂಬಲ್ಲ.

ವಿಮಾನದ ವಿಷಯಕ್ಕೆ ಬಂದ್ರೆ ಲೆಕ್ಕವೇ ಬೇರೆ. ನೆಲದಲ್ಲಿ ನಿಂತವನಿಗೆ ತಾನು ಒಂದು ಚುಕ್ಕಿ ಬಿಡ್ತಿದ್ದೀನಿ ಅನ್ಸುತ್ತೆ. ಆದರೆ ಕಿರಣ ಹೋಗ್ತಾ ಹೋಗ್ತಾ ಅಗಲವಾಗುತ್ತೆ. ಒಂದು ಕಿಲೋಮೀಟರ್ ಆಚೆ ಹೆಚ್ಚುಕಮ್ಮಿ ಒಂದು ಮೀಟರ್ ಅಗಲ. ಅದು ಕಾಕ್‌ಪಿಟ್ ಗಾಜಿನ ಮೇಲೆ ಬಿದ್ದು ಚದುರಿದರೆ ಕತ್ತಲಿಗೆ ಹೊಂದಿಕೊಂಡಿದ್ದ ಪೈಲಟ್‌ಗೆ ರನ್‌ವೇ ದೀಪಗಳೇ ಕಾಣಲ್ಲ. ಅದೂ ಇಳಿಯುವ ಹೊತ್ತಿನಲ್ಲಿ. 2008ರಲ್ಲಿ ಸಿಡ್ನಿಗೆ ಬರುತ್ತಿದ್ದ ವಿಮಾನಗಳ ಮೇಲೆ ಹಲವು ಜನ ಸೇರಿ ಹಸಿರು ಕಿರಣ ಬಿಟ್ಟ ಮೇಲೆ ಆಸ್ಟ್ರೇಲಿಯಾ ಇಂಥ ಪೆನ್ನುಗಳ ಆಮದನ್ನು ಬಿಗಿಮಾಡಿತು. 2012ರಲ್ಲಿ ಅಮೆರಿಕ ವಿಮಾನದತ್ತ ಲೇಸರ್ ಬಿಡೋದನ್ನು ಐದು ವರ್ಷದವರೆಗೆ ಜೈಲು ಕಾಣಬಹುದಾದ ಅಪರಾಧ ಮಾಡಿತು, 2018ರಲ್ಲಿ ಬ್ರಿಟನ್ನೂ ಹಾಗೇ ಮಾಡಿತು. ನಿಂತಿತಾ? 2023ರಲ್ಲಿ ಅಮೆರಿಕದ ಪೈಲಟ್‌ಗಳಿಂದ ಬಂದ ದೂರುಗಳು 13,304.

ಗುಂಪಿನ ಕೈಗೆ ಸಿಕ್ಕರಂತೂ ಕೇಳೋದೇ ಬೇಡ. 2022ರ ಮಾರ್ಚ್‌ನಲ್ಲಿ ಸೆನೆಗಲ್‌ನಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಪೆನಾಲ್ಟಿ ಒದೆಯಲು ನಿಂತ ಈಜಿಪ್ಟಿನ ಮೊಹಮದ್ ಸಲಾ ಮುಖವಿಡೀ ಹಸಿರಾಗಿತ್ತು. ಚೆಂಡು ಬಾರ್ ಮೇಲೆ ಹಾರಿಹೋಯ್ತು, ಈಜಿಪ್ಟ್ ಮನೆಗೆ ಹೋಯ್ತು. ಸೆನೆಗಲ್ ಒಕ್ಕೂಟಕ್ಕೆ ಬಿದ್ದ ದಂಡ 1,75,000 ಸ್ವಿಸ್ ಫ್ರಾಂಕ್. ಸೆನೆಗಲ್ ಮಾತ್ರ ವಿಶ್ವಕಪ್ ಆಡಿತು.

ತಮಾಷೆಯೆಂದರೆ, ಯಾವ ಮೀಟಿಂಗಿಗಾಗಿ ನಾವು ಈ ಪೆನ್ನು ಕೊಂಡೆವೋ ಅಲ್ಲಿ ಈಗ ಅದಕ್ಕೆ ಕೆಲಸವಿಲ್ಲ. ಪ್ರೊಜೆಕ್ಟರ್ ಹೋಗಿ ಗೋಡೆಯಗಲದ ಟೀವಿ ಬಂದಿದೆ, ಅದರ ಮೇಲೆ ಲೇಸರ್ ಚುಕ್ಕಿ ಸರಿಯಾಗಿ ಕಾಣೋದೂ ಇಲ್ಲ. ಪವರ್‌ಪಾಯಿಂಟ್‌ನಲ್ಲಿ ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಮೌಸೇ ಕೆಂಪು ಚುಕ್ಕಿಯಾಗುತ್ತೆ, ದೂರದಲ್ಲಿ ಕೂತ ಸಹೋದ್ಯೋಗಿಗೂ ಕಾಣುತ್ತೆ. ಹಳೇ ಪೆನ್ನು ಡ್ರಾಯರ್‌ನಿಂದ ಬ್ಯಾಗಿಗೆ, ಬ್ಯಾಗಿನಿಂದ ಮನೆಗೆ, ಮನೆಯಲ್ಲಿ ಮಗುವಿನ ಕೈಗೆ ಹೋಗುತ್ತೆ. ಮಗು ಮೊದಲು ಮಾಡೋದು ಅದರ ಮೂತಿಯೊಳಗೆ ಇಣುಕಿ ನೋಡೋದು, ಎರಡನೆಯದು ಕನ್ನಡಿಗೆ ಬಿಡೋದು. ನನ್ನದರ ಸೆಲ್‌ಗಳನ್ನು ಹೋದ ತಿಂಗಳು ತೆಗೆದು ಗಡಿಯಾರಕ್ಕೆ ಹಾಕಿದೆ.