ಕಂಬವಲ ಎಳೆಯುವ ತೀರದಲ್ಲಿ ರೆಸಾರ್ಟು

ಒಂದೇ ಸಲ ದುಡ್ಡು ಕಟ್ಟಿಬಿಟ್ಟರೆ ಕೋಣೆ, ಮೂರು ಹೊತ್ತಿನ ಊಟ, ಕುಡಿತ, ಆಟಪಾಠ ಎಲ್ಲ ಅದರಲ್ಲೇ ಮುಗಿಯಿತು. ವಾಪಸು ಹೊರಡುವವರೆಗೆ ಗೇಟು ದಾಟುವ ಪ್ರಮೇಯವೇ ಇಲ್ಲ. ಜೆರಾರ್ ಬ್ಲಿಟ್ಸ್ 1950ರಲ್ಲಿ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಕ್ಲಬ್ ಮೆಡ್ ಶುರುಮಾಡಿದಾಗ ಹುಟ್ಟಿದ ಈ ಏರ್ಪಾಟನ್ನು ಭರ್ಜರಿ ಉದ್ಯಮವಾಗಿ ಬೆಳೆಸಿದ್ದು ಕೆರಿಬಿಯನ್. ಜಮೈಕಾದಲ್ಲಿ 1970ರ ದಶಕದ ಕೊನೆಗೆ ಜಾನ್ ಇಸ್ಸಾ, 1981ರಲ್ಲಿ ಮಾಂಟೆಗೊ ಬೇಯಲ್ಲಿ 'ಸ್ಯಾಂಡಲ್ಸ್' ತೆರೆದ ಬುಚ್ ಸ್ಟುವರ್ಟ್ ಇದಕ್ಕೆ ಇಂದಿನ ರೂಪ ಕೊಟ್ಟರು. ಆ ವರ್ಷಗಳಲ್ಲಿ ಜಮೈಕಾದ ರಾಜಕೀಯ ಹಿಂಸೆಯ ಸುದ್ದಿ ಪ್ರವಾಸಿಗರನ್ನು ಹೆದರಿಸಿತ್ತು. ಹಾಗಾಗಿ ಅಲ್ಲಿ ಗೋಡೆಯೂ ಮಾರಾಟದ ಸರಕೇ ಆಯಿತು. ಕನ್ನಡಿಗರಿಗೂ ಇಂಥ ಪ್ಯಾಕೇಜು ಹೊಸದಲ್ಲ. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿಯಲ್ಲಿ ಕೋಣೆ, ಊಟ, ಸಫಾರಿಗಳನ್ನು ಒಂದೇ ದರದಲ್ಲಿ ಕೊಡುತ್ತ ಬಂದಿದೆ. ಆದರೆ ಅಲ್ಲಿ ಹೊರಗಿರುವುದು ಕಾಡು. ಪಕ್ಕದ ಕೇರಳದ ಕಡಲತೀರದಲ್ಲಿ ಹೊರಗಿರುವುದು ಜನ, ಮತ್ತು ಅಲ್ಲಿನ ರೆಸಾರ್ಟುಗಳ ಐದಾರು ದಶಕಗಳ ಕಥೆಯೆಲ್ಲ ಆ ಜನರನ್ನು ಹೊರಗಿಡಲು ಆಗದೇ ಹೋದದ್ದರ ಕಥೆ. ಕೇರಳದ ಮಾದರಿಯನ್ನು ಹೊಗಳುವವರು ಅದನ್ನು ಹೋಟೆಲಿನವರ ಸದಭಿರುಚಿಗೆ ಜಮಾ ಮಾಡುತ್ತಾರೆ. ನನ್ನ ಎಣಿಕೆಯಲ್ಲಿ ಅದು ಮುಖ್ಯವಾಗಿ ಜಾಗದ ಅಭಾವದ ಫಲ.

ಲೆಕ್ಕ ಸರಳ. ಸುಮಾರು 590 ಕಿಲೋಮೀಟರ್ ಕರಾವಳಿಯಲ್ಲಿ 222 ಮೀನುಗಾರ ಹಳ್ಳಿಗಳು. ಅಂದರೆ ಮೂರು ಕಿಲೋಮೀಟರಿನೊಳಗೆ ಒಂದು. ಕೋವಳಂನಲ್ಲಿ ಬೆಳಿಗ್ಗೆ ಕಂಬವಲ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವುದನ್ನು ನೋಡಿದರೆ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದಮೇಲೆ ಅದರ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ಹಾಡಿನ ಲಯಕ್ಕೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಕ್ರಮೇಣ ಒಬ್ಬರನ್ನೊಬ್ಬರು ಸಮೀಪಿಸುತ್ತಾರೆ. ನಮ್ಮ ಕರಾವಳಿಯ ರಂಪಣಿ ಕಂಡವರಿಗೆ ವಿವರಿಸಬೇಕಾಗಿಲ್ಲ. ಗಂಟೆಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಉದ್ದಗಲದ ಮರಳು ಬೇಕು. ಅದೇ ಮರಳು ಆರಾಮಕುರ್ಚಿಗೂ ಬೇಕು. 1932ರಲ್ಲಿ ತಿರುವಾಂಕೂರಿನ ರಾಣಿ ಸೇತು ಲಕ್ಷ್ಮೀಬಾಯಿಯವರಿಗಾಗಿ ಕಟ್ಟಿದ ಹಾಲ್ಸಿಯನ್ ಅರಮನೆ ಗುಡ್ಡದ ಮೇಲಿತ್ತು, ಮರಳಿನ ತಂಟೆಗೆ ಬರಲಿಲ್ಲ. ಸರ್ಕಾರಿ ಪ್ರವಾಸೋದ್ಯಮ ನಿಗಮ ಐಟಿಡಿಸಿಗಾಗಿ 1969ರಿಂದ 74ರವರೆಗೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಕೋವಳಂ ಹೋಟೆಲೂ ತೀರ ಬಿಟ್ಟು ಗುಡ್ಡದ ಇಳಿಜಾರಿನಲ್ಲೇ ಮೆಟ್ಟಿಲುಮೆಟ್ಟಿಲಾಗಿ ಇಳಿಯಿತು. ಕೋಣೆಗೊಂದು ಬಿಸಿಲುಮಾಳಿಗೆ, ಪಕ್ಕದ ಕೋಣೆಯವರ ಕಣ್ಣಿಗೂ ಬೀಳದ ಏಕಾಂತ. ಬೇಲಿ ಮಾಡಬೇಕಾದ ಕೆಲಸವನ್ನು ಇಲ್ಲಿ ಎತ್ತರ ಮಾಡಿತು. ಗುಡ್ಡದಲ್ಲಿ ಸರ್ಕಾರ ಸುಖವಾಸ ಕಟ್ಟುತ್ತಿದ್ದ ಆ ವರ್ಷಗಳಲ್ಲೇ ಕೆಳಗೆ ಹಿಪ್ಪಿಗಳು ಊರವರ ಮನೆಗಳಲ್ಲಿ ಅಗ್ಗದ ಬಾಡಿಗೆಗೆ ಇಳಿದುಕೊಳ್ಳುತ್ತಿದ್ದರು. ಹೋಟೆಲು 2002ರಲ್ಲಿ ಖಾಸಗಿಯವರ ಪಾಲಾಯಿತು; ಅದರ ಆವರಣದೊಳಗಿದ್ದ ಹಾಲ್ಸಿಯನ್ ಅರಮನೆ ಯಾರದ್ದೆಂಬ ಜಗಳ ಮುಂದೆ ವರ್ಷಾನುಗಟ್ಟಲೆ ನಡೆಯಿತು.

'ಎಲ್ಲ ಸೇರಿ' ಎಂಬ ದರ ಕೇರಳಕ್ಕೆ ಬಂದದ್ದು ಬಾರಿನ ಮೂಲಕವಲ್ಲ, ಆಯುರ್ವೇದದ ಎಣ್ಣೆಯ ಮೂಲಕ. 1980ರ ದಶಕದ ನಡುವೆ ಕೋವಳಂನ ದಕ್ಷಿಣಕ್ಕೆ ಚೊವ್ವರದಲ್ಲಿ ತಲೆಯೆತ್ತಿದ ಸೋಮತೀರಂ ತನ್ನನ್ನು ಜಗತ್ತಿನ ಮೊದಲ ಆಯುರ್ವೇದ ರೆಸಾರ್ಟೆಂದು ಕರೆದುಕೊಂಡಿತು. ವೈದ್ಯರ ತಪಾಸಣೆ, ದಿನದಿನದ ಚಿಕಿತ್ಸೆ, ಪಥ್ಯದ ಊಟ, ಯೋಗ, ಕೋಣೆ ಎಲ್ಲ ಕೂಡಿ ಏಳು, ಹದಿನಾಲ್ಕು, ಇಪ್ಪತ್ತೊಂದು ದಿನಗಳ ಪ್ಯಾಕೇಜು. ಕೆರಿಬಿಯನ್ನಿನಲ್ಲಿ ಅತಿಥಿ ಎಷ್ಟು ಬೇಕಾದರೂ ತಿನ್ನಬಹುದು, ಕುಡಿಯಬಹುದು ಎಂಬುದೇ ಆಕರ್ಷಣೆ. ಇಲ್ಲಿ ಏನು ತಿನ್ನಬೇಕೆಂಬುದನ್ನು ವೈದ್ಯರು ಹೇಳುತ್ತಾರೆ, ಅದಕ್ಕೂ ಅತಿಥಿಯೇ ಹಣ ಕೊಡುತ್ತಾನೆ! ಈ ತಿರುವಿಗೆ ಮಳೆಯೂ ಕಾರಣ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲಿಗೆ ಇಳಿಯುವಂತಿಲ್ಲ, ಕೋಣೆಗಳು ಖಾಲಿ. ಆದರೆ ನಮ್ಮ ತುಳುನಾಡಿನ ಆಟಿಯ ಹೊತ್ತಿಗೇ ಬರುವ ಕರ್ಕಾಟಕ ಮಾಸ ಕೇರಳದಲ್ಲಿ ದೇಹಶುದ್ಧಿಯ ಕಾಲವೆಂದು ಮೊದಲೇ ನೆಲೆಯಾಗಿತ್ತು. ಆ ನಂಬಿಕೆಯ ಬಲದಿಂದ ಹೋಟೆಲಿನವರು ನಷ್ಟದ ತಿಂಗಳುಗಳನ್ನು ವ್ಯಾಪಾರದ ತಿಂಗಳುಗಳನ್ನಾಗಿ ಮಾಡಿಕೊಂಡರು. ಮದ್ಯವನ್ನು ನಂಬಿಕೊಂಡವರಿಗೆ 2014ರಲ್ಲಿ ಪೆಟ್ಟು ಬಿತ್ತು. ಪಂಚತಾರಾ ಹೋಟೆಲುಗಳ ಹೊರತು ಉಳಿದ ಬಾರುಗಳನ್ನು ಸರ್ಕಾರ ಮುಚ್ಚಿಸಿತು, 2017ರಲ್ಲಿ ನಿಯಮ ಸಡಿಲಿಸುವವರೆಗೆ. ಎಣ್ಣೆತಿಕ್ಕುವ ಕೋಣೆಗೆ ಅಂಥ ಭಯವಿರಲಿಲ್ಲ.

ನಿಜವಾದ ಕೆರಿಬಿಯನ್ ನಕಲು ಬೇಕಾದವರು ಕೊಚ್ಚಿಯಿಂದ ವಿಮಾನ ಹತ್ತಬೇಕಾಯಿತು. ಲಕ್ಷದ್ವೀಪದ ಬಂಗಾರಂನಲ್ಲಿ ಜನವಸತಿಯಿರಲಿಲ್ಲ; ಅಗತ್ತಿಯಲ್ಲಿ ವಿಮಾನ ಇಳಿದು ದೋಣಿಯಲ್ಲಿ ಅಲ್ಲಿಗೆ ಹೋಗಬೇಕು. ಕೊಚ್ಚಿಯ ವಿಲಿಂಗ್ಡನ್ ದ್ವೀಪದ ಕ್ಯಾಸಿನೊ ಹೋಟೆಲಿನವರು (ಇಂದಿನ ಸಿಜಿಎಚ್ ಅರ್ಥ್) 1980ರ ದಶಕದ ಕೊನೆಗೆ ಅಲ್ಲಿ ನಡೆಸಿದ ರೆಸಾರ್ಟಿನಲ್ಲಿ ಟಿವಿ ಇರಲಿಲ್ಲ, ಎಸಿ ಇರಲಿಲ್ಲ. ಪಾನನಿಷೇಧದ ಆ ಕೇಂದ್ರಾಡಳಿತ ಪ್ರದೇಶದಲ್ಲಿ ಮದ್ಯ ಸಿಗುತ್ತಿದ್ದದ್ದು ಜನವಸತಿಯಿಲ್ಲದ ಬಂಗಾರಂನಲ್ಲಿ ಮಾತ್ರ. ಇದೇ ಗುಂಪು 1990ರ ದಶಕದ ಕೊನೆಗೆ ಆಲಪ್ಪುಳದ ಬಳಿ ಮರಾರಿಯಲ್ಲಿ ಕಟ್ಟಿದಾಗ ಮೀನುಗಾರರ ಹುಲ್ಲುಮಾಡಿನ ಮನೆಗಳ ಆಕಾರವನ್ನೇ ಎತ್ತಿಕೊಂಡಿತು. ಒಂದೇ ಸಂಸ್ಥೆ, ಎರಡು ಬಗೆ. ವ್ಯತ್ಯಾಸ ಮನಸ್ಸಿನದ್ದಲ್ಲ, ಜಾಗದ್ದು.

ರಜೆಗೆ ದುಡ್ಡು ಕೊಟ್ಟು ಬಂದವರು ನೆಮ್ಮದಿ ಕೇಳುವುದು ತಪ್ಪೇ ಎಂದು ಕೇಳಬಹುದು. ಖಂಡಿತ ತಪ್ಪಲ್ಲ. ಆದರೆ ಕೊಚ್ಚಿ ವಿಮಾನನಿಲ್ದಾಣವಿರುವ ನೆಡುಂಬಾಶ್ಶೇರಿಯಲ್ಲಿ ಇಳಿದು ಮರಾರಿಗೆ ಹೊರಟವನ ಕಾರು ಕಳಮಶ್ಶೇರಿಯನ್ನು ಹಾದೇ ಹೋಗಬೇಕು. ಕಾರ್ಖಾನೆ, ವಿಶ್ವವಿದ್ಯಾಲಯದ ತಿರುವು, ಮೆಟ್ರೋ ಕಂಬಗಳ ಸಾಲು, ಲಾರಿಗಳ ಸಾಲು ಎಲ್ಲ ಕಂಡಮೇಲೆಯೇ ಕಡಲು. ನಿರ್ಜನ ತೀರದ ಕಲ್ಪನೆ ದಾರಿಯಲ್ಲೇ ಅರ್ಧ ಕರಗಿರುತ್ತದೆ. ಅದರಿಂದ ಯಾರ ನೆಮ್ಮದಿಯೂ ಕೆಟ್ಟಂತಿಲ್ಲ. ಮತ್ತೆ ಮತ್ತೆ ಬರುವವರೇ ಅದಕ್ಕೆ ಸಾಕ್ಷಿ. ಮುಚ್ಚಿದ ರೆಸಾರ್ಟೂ ಕೆಲಸ ಕೊಡುತ್ತದಲ್ಲ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಕೊಡುತ್ತದೆ, ಸಂಬಳದ ಕೆಲಸವನ್ನು. ಆದರೆ ಅತಿಥಿ ಗೇಟು ದಾಟದಿದ್ದರೆ ಆಟೋದವನಿಗೆ, ಚಹಾದಂಗಡಿಗೆ, ಮೀನು ಹುರಿದು ಮಾರುವವಳಿಗೆ ಏನೂ ಸಿಗುವುದಿಲ್ಲ. ಊಟ, ತಿರುಗಾಟ ಎಲ್ಲಕ್ಕೂ ಮೊದಲೇ ಹಣ ಕಟ್ಟಿದವನು ಹೊರಗೆ ಇನ್ನೊಮ್ಮೆ ಯಾಕೆ ಖರ್ಚು ಮಾಡುತ್ತಾನೆ? ಕೆರಿಬಿಯನ್ನಿನ ಸಣ್ಣ ವ್ಯಾಪಾರಿಗಳ ಹಳೆಯ ದೂರು ಇದೇ.

ಹಾಗೆಂದು ಕೇರಳ ಸಾಚಾ ಎನ್ನುವಂತಿಲ್ಲ. ಅವಕಾಶ ಸಿಕ್ಕಲ್ಲಿ ಅಲ್ಲೂ ಗೋಡೆ ಎದ್ದಿದೆ. ವೇಂಬನಾಡು ಸರೋವರದ ನೆಡಿಯತುರುತ್ತು ದ್ವೀಪದಲ್ಲಿ ಕ್ಯಾಪಿಕೊ ರೆಸಾರ್ಟು 54 ವಿಲ್ಲಾಗಳನ್ನು ಕಟ್ಟಿಕೊಂಡಿತ್ತು. ಹಿನ್ನೀರಿನಲ್ಲಿ ಗೂಟ ನೆಟ್ಟು ಬಲೆ ಒಡ್ಡುತ್ತಿದ್ದ ಮೀನುಗಾರರು ಕೋರ್ಟಿಗೆ ಹೋದರು. ಹೈಕೋರ್ಟು 2013ರಲ್ಲಿ ಕೆಡವಲು ಹೇಳಿತು, 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು, 2022ರಲ್ಲಿ ಕೆಡವುವ ಕೆಲಸ ಶುರುವಾಯಿತು. ಇದರ ಹಿಂದಿರುವ ಕರಾವಳಿ ನಿಯಂತ್ರಣ ವಲಯದ 1991ರ ಅಧಿಸೂಚನೆಯೇ ನನ್ನ ದೃಷ್ಟಿಯಲ್ಲಿ ಕೇರಳದ ರೆಸಾರ್ಟುಗಳ ದೊಡ್ಡ ವಾಸ್ತುಶಿಲ್ಪಿ. ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಹೊಸದಾಗಿ ಹೋಟೆಲು ಕಟ್ಟುವಂತಿಲ್ಲ, ಬೇಲಿ ಹಾಕಿದರೂ ಜನ ಕಡಲಿಗೆ ಹೋಗುವ ದಾರಿಗೆ ಅಡ್ಡಿಯಾಗಬಾರದು ಎಂದು ಅದು ಹೇಳಿತು. ಮುಂದಿನ ಪರೀಕ್ಷೆ ಈ ಜನಸಂದಣಿ ಇಲ್ಲದ ಕಡೆ ನಡೆಯಲಿದೆ. ಅಗತ್ತಿಯ ಒಂದು ರೆಸಾರ್ಟಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಸಮಿತಿಗೆ ಲಕ್ಷದ್ವೀಪದ ದ್ವೀಪಗಳ ನಿರ್ವಹಣಾ ಯೋಜನೆಯನ್ನು ಪರಿಶೀಲಿಸಲು ಒಪ್ಪಿಸಿತು. 2023ರ ಜನವರಿಯಲ್ಲಿ ಅದೇ ಲಕ್ಷದ್ವೀಪದ ಸುಹೇಲಿಯಲ್ಲೂ ಕಡಮತ್‌ನಲ್ಲೂ ತಾಜ್ ಹೋಟೆಲುಗಳ ಘೋಷಣೆಯಾಯಿತು. ಸುಹೇಲಿಯ ಯೋಜನೆಯಲ್ಲಿ ನೀರಿನ ಮೇಲೆ ನಿಲ್ಲುವ 50 ವಿಲ್ಲಾಗಳಿವೆ. ಅಲ್ಲಿ ಬೆಳಿಗ್ಗೆ ಹಗ್ಗ ಹಿಡಿದು ಮರಳಿನ ಹಕ್ಕು ಕೇಳುವ ಹಳ್ಳಿಯಿಲ್ಲ. ಕೋರ್ಟಿನ ಸಮಿತಿ ಪರಿಶೀಲಿಸಿದ ಆ ಯೋಜನೆಯ ಗೆರೆಯೊಂದೇ ಆ ಕೆಲಸ ಮಾಡಬೇಕಾಗಿದೆ.