ಸೂಪರ್‌ಹೀರೋ ನಾಯಕಿಯರ ಉಡುಪು: ಎಂಟು ದಶಕಗಳ ಒಂದು ವಾಗ್ವಾದ

1942ರಲ್ಲಿ ಅಮೆರಿಕದ ಕಥೋಲಿಕ ಬಿಷಪರ ಆಶ್ರಯದಲ್ಲಿದ್ದ ಸಂಘಟನೆಯೊಂದು ಯುವಜನರ ಓದಿಗೆ ಸಲ್ಲದ ಪತ್ರಿಕೆಗಳ ಪಟ್ಟಿಯನ್ನು ಪ್ರಕಟಿಸಿತು. ಆ ಪಟ್ಟಿಯಲ್ಲಿ 'ಸೆನ್ಸೇಷನ್ ಕಾಮಿಕ್ಸ್' ಎಂಬ ಮಕ್ಕಳ ಪುಸ್ತಕವೂ ಇತ್ತು. ಅದರ ಪ್ರಕಾಶಕ ಮ್ಯಾಕ್ಸ್ ಗೇನ್ಸ್ ಅಚ್ಚರಿಗೊಂಡು, ತನ್ನ ಪುಸ್ತಕದ ತಪ್ಪೇನೆಂದು ಸಂಘಟನೆಯ ಮುಖ್ಯಸ್ಥರಾದ ಬಿಷಪ್ ಜಾನ್ ನೋಲ್ ಅವರಿಗೆ ಪತ್ರ ಬರೆದು ಕೇಳಿದ. ಬಂದ ಉತ್ತರದ ಸಾರ ಸರಳವಾಗಿತ್ತು: ನಿಮ್ಮ ಕಥೆಯ ನಾಯಕಿ 'ವಂಡರ್ ವುಮನ್' ಸಾಕಷ್ಟು ಬಟ್ಟೆ ತೊಟ್ಟಿಲ್ಲ.

ಅಂದು ಆರಂಭವಾದ ವಾಗ್ವಾದ ಇಂದಿಗೂ ಮುಗಿದಿಲ್ಲ. ಇದು ದೂರದ ಅಮೆರಿಕದ ವಿಷಯ, ನಮಗೇಕೆ ಎಂದು ಕೇಳುವವರು ತಮ್ಮ ಮಕ್ಕಳ ಶಾಲಾ ಚೀಲವನ್ನು, ನೀರಿನ ಬಾಟಲಿಯನ್ನು, ಮೊಬೈಲ್ ಪರದೆಯನ್ನು ಒಮ್ಮೆ ನೋಡಲಿ. ಆ ಪಾತ್ರಗಳು ನಮ್ಮ ಮನೆಯೊಳಗೆ ಬಂದು ಕುಳಿತು ಎಷ್ಟೋ ಕಾಲವಾಯಿತು. ಅವನ್ನು ಕಂಡಾಗ ನಾವು ಒಂದೋ ಸುಮ್ಮನಿರುತ್ತೇವೆ, ಇಲ್ಲವೇ ಒಂದೇ ಶಬ್ದದಲ್ಲಿ ಹರಾಮ್ ಎಂದು ಹೇಳಿ ಪರದೆ ಆರಿಸುತ್ತೇವೆ. ಎರಡೂ ಸಂದರ್ಭಗಳಲ್ಲಿ ಮಗುವಿನ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಇಂತಹ ಉಡುಪಿನ ಬಗ್ಗೆ ಮುಜುಗರಪಡುವವರು ಜಗತ್ತಿನಲ್ಲಿ ಮುಸ್ಲಿಮರು ಮಾತ್ರ ಎಂಬ ತಪ್ಪುಕಲ್ಪನೆಯೂ ನಮ್ಮ ಯುವಜನರಲ್ಲಿ ಬೇರೂರಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

1938ರಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಅವನಿಗೆ ಮೈಗಂಟಿದ ಉಡುಪನ್ನೂ ಬೆನ್ನ ಹಿಂದೆ ಹಾರುವ ನಿಲುವಂಗಿಯನ್ನೂ ತೊಡಿಸಲಾಯಿತು. ಸರ್ಕಸ್ಸಿನ ಬಲಭೀಮರು ಮತ್ತು ಕಸರತ್ತುಗಾರರು ಅದಕ್ಕೆ ಮಾದರಿ. ಅಗ್ಗದ ಕಾಗದ, ನಾಲ್ಕು ಬಣ್ಣಗಳ ಮುದ್ರಣ, ವಾರದೊಳಗೆ ಮುಗಿಸಬೇಕಾದ ಪುಟಗಳು: ಇಂಥಲ್ಲಿ ಬಟ್ಟೆಯ ಮಡಿಕೆ, ನೆರಿಗೆಗಳನ್ನು ಬಿಡಿಸುತ್ತ ಕೂರಲು ಚಿತ್ರಕಾರನಿಗೆ ಬಿಡುವಿಲ್ಲ. ಬರಿಯ ದೇಹದ ರೇಖೆ ಎಳೆದು ಅದರ ಮೇಲೆ ನೀಲಿ, ಕೆಂಪು ತುಂಬಿದರೆ ಉಡುಪಾಯಿತು. ಆದರೆ ಪುರುಷ ನಾಯಕನ ದೇಹ ಓದುವ ಹುಡುಗನಿಗೆ 'ನಾನೂ ಹೀಗಾಗಬೇಕು' ಎಂಬ ಆಸೆ ಹುಟ್ಟಿಸಲು ಇತ್ತು. ಸ್ತ್ರೀಯ ದೇಹ ಅದೇ ಹುಡುಗ ನೋಡಲೆಂದು ಇತ್ತು. ಪುರುಷ ನಾಯಕನ ಮೈ ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚಿಯೇ ಇತ್ತೆಂಬುದನ್ನು ಗಮನಿಸಬೇಕು.

ವಂಡರ್ ವುಮನ್‌ಳನ್ನು 1941ರ ಕೊನೆಯಲ್ಲಿ ಸೃಷ್ಟಿಸಿದವರು ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ. ಚಿತ್ರ ಬಿಡಿಸಿದವರು ಹ್ಯಾರಿ ಪೀಟರ್. ಸುಳ್ಳುಪತ್ತೆ ಯಂತ್ರದ ಹಿಂದಿರುವ ರಕ್ತದೊತ್ತಡದ ಪ್ರಯೋಗಗಳಿಗಾಗಿಯೂ ಮಾರ್ಸ್ಟನ್ ಹೆಸರಾಗಿದ್ದರು. ಸ್ತ್ರೀಯೇ ಜಗತ್ತನ್ನಾಳಲು ಯೋಗ್ಯಳು ಎಂಬುದು ಅವರ ಪ್ರಾಮಾಣಿಕ ನಂಬಿಕೆ. ಆದರೂ ಅವರ ನಾಯಕಿ ತೋಳು, ಭುಜ, ಬೆನ್ನು ತೆರೆದ ಉಡುಪಿನಲ್ಲಿ ಬಂದಳು. ಮೊದಲು ಇದ್ದ ಲಂಗ ಬಹುಬೇಗ ಗಿಡ್ಡ ಚಡ್ಡಿಯಾಯಿತು. ಕಥೆಯಿಂದ ಕಥೆಗೆ ಅವಳನ್ನು ಸರಪಳಿಯಿಂದ ಬಿಗಿಯಲಾಗುತ್ತಿತ್ತು. 1943ರಲ್ಲಿ ಇದನ್ನು ಆಕ್ಷೇಪಿಸಿದವರು ಜೋಸೆಟ್ ಫ್ರಾಂಕ್. ಅವರು ಬಿಷಪರ ಕಡೆಯವರಲ್ಲ. ಮಕ್ಕಳ ಸಾಹಿತ್ಯದ ತಜ್ಞೆಯಾಗಿ ಪ್ರಕಾಶಕನ ಸಲಹಾ ಮಂಡಳಿಯಲ್ಲೇ ಇದ್ದವರು. ನಾಯಕಿಯ ಉಡುಪೂ, ಹೆಂಗಸರನ್ನು ಕಟ್ಟಿಹಾಕಿ ಹಿಂಸಿಸುವ ದೃಶ್ಯಗಳೂ ಟೀಕೆಗೆ ತಕ್ಕವೇ ಎಂದು ಅವರು ಬರೆದರು. ಮಾರ್ಸ್ಟನ್ ಅದನ್ನು ತಳ್ಳಿಹಾಕಿದರು. ಸ್ತ್ರೀಯ ಹಿರಿಮೆಯನ್ನು ಸಾರಹೊರಟ ಪುರುಷನಿಗೆ ಒಬ್ಬ ಸ್ತ್ರೀಯ ಮಾತು ಕೇಳಿಸದೆ ಹೋದದ್ದು ನಮಗೆ ಈ ಇಡೀ ಚರಿತ್ರೆಯ ಮುನ್ನುಡಿಯಂತೆ ತೋರುತ್ತದೆ.

ಯುದ್ಧಾನಂತರ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಸೂಪರ್‌ಹೀರೋಗಳ ಮಾರಾಟ ಕುಸಿದಂತೆ ಪ್ರಕಾಶಕರು ಅಪರಾಧ, ಭೀತಿ ಮತ್ತು ದೇಹಪ್ರದರ್ಶನದ ಮೊರೆ ಹೊಕ್ಕರು. 'ಫ್ಯಾಂಟಮ್ ಲೇಡಿ' ಪುಸ್ತಕದ 1948ರ ಒಂದು ಮುಖಪುಟ, ಕಂಬಕ್ಕೆ ಬಿಗಿದ ಹಗ್ಗದಿಂದ ಬಿಡಿಸಿಕೊಳ್ಳುತ್ತಿರುವ ನಾಯಕಿಯ ಚಿತ್ರ, ಕುಖ್ಯಾತವಾಯಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಪ್ರಕಟಿಸಿದ 'ಸೆಡಕ್ಷನ್ ಆಫ್ ದಿ ಇನ್ನೊಸೆಂಟ್' ಎಂಬ ಗ್ರಂಥದಲ್ಲಿ ಅದನ್ನು ಸಾಕ್ಷ್ಯವಾಗಿ ಮುದ್ರಿಸಿದರು. ಅದೇ ವರ್ಷದ ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ಸರ್ಕಾರದ ಕಾನೂನು ಬರುವ ಮೊದಲೇ ತಾವೇ ಬೇಲಿ ಹಾಕಿಕೊಳ್ಳುವುದು ಲೇಸೆಂದು ಪ್ರಕಾಶಕರು ಅಕ್ಟೋಬರಿನಲ್ಲಿ 'ಕಾಮಿಕ್ಸ್ ಕೋಡ್' ಎಂಬ ಸಂಹಿತೆಯನ್ನು ಅಂಗೀಕರಿಸಿದರು. ನಗ್ನತೆ ಯಾವ ರೂಪದಲ್ಲೂ ಕೂಡದು, ಪಾತ್ರಗಳ ಉಡುಪು ಸಮಾಜ ಒಪ್ಪುವಂತಿರಬೇಕು, ಸ್ತ್ರೀಯರ ಅಂಗಾಂಗಗಳನ್ನು ಉತ್ಪ್ರೇಕ್ಷಿಸಬಾರದು ಎಂಬ ನಿಯಮಗಳು ಅದರಲ್ಲಿದ್ದವು. ಸಂಹಿತೆಯ ಮುದ್ರೆಯಿಲ್ಲದ ಪುಸ್ತಕಗಳನ್ನು ಹಂಚಲು ಬಹುತೇಕ ವಿತರಕರು ಹಿಂದೆಗೆದರು.

ಇಲ್ಲಿಯವರೆಗೆ ಓದಿದ ಮುಸ್ಲಿಮ್ ಓದುಗ ಸಂತೋಷಪಡುವುದು ಸಹಜ. ಹಯಾದ ಪರವಾಗಿ ಅಮೆರಿಕವೇ ನಿಂತಿತಲ್ಲ ಎನಿಸಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಸಂಹಿತೆ ಬಂದ ಮೇಲೆ ನಡೆದುದನ್ನು ನೋಡೋಣ.

1956ರಲ್ಲಿ 'ಬ್ಯಾಟ್‌ವುಮನ್' ಎಂಬ ಹೊಸ ನಾಯಕಿ ಬಂದಳು. ಅವಳ ಮೈ ಪೂರ್ತಿ ಮುಚ್ಚಿತ್ತು. ಬಿಷಪರಿಗೂ ವರ್ಥಮ್‌ರಿಗೂ ದೂರಲು ಏನೂ ಉಳಿದಿರಲಿಲ್ಲ. ಆದರೆ ಅವಳ ಆಯುಧಗಳು ಹೆಗಲ ಮೇಲಿನ ಚೀಲದಲ್ಲಿ ಲಿಪ್‌ಸ್ಟಿಕ್, ಪೌಡರ್ ಡಬ್ಬಿ, ಬಳೆಗಳ ರೂಪದಲ್ಲಿದ್ದವು. ಮೊದಲ ಕಥೆಯ ಕೊನೆಯಲ್ಲೇ, ಇದು ಹೆಣ್ಣಿಗೆ ಅಪಾಯದ ಕೆಲಸವೆಂದು ಬ್ಯಾಟ್‌ಮ್ಯಾನ್ ಅವಳನ್ನು ವೇಷ ಕಳಚುವಂತೆ ಒಪ್ಪಿಸುತ್ತಾನೆ. ದೇಹ ಮುಚ್ಚಲ್ಪಟ್ಟಿತು, ಗೌರವ ಹೆಚ್ಚಲಿಲ್ಲ.

ಅದೇ ವರ್ಷದ ಇನ್ನೊಂದು ಪ್ರಸಂಗ ಉಡುಪಿಗೆ ಸಂಬಂಧಿಸಿದ್ದಲ್ಲವಾದರೂ ಹೇಳದೆ ಮುಂದೆ ಹೋಗಲಾಗದು. ಮ್ಯಾಕ್ಸ್ ಗೇನ್ಸ್‌ರ ಮಗ ವಿಲಿಯಂ ಗೇನ್ಸ್ 1953ರಲ್ಲಿ ಪ್ರಕಟಿಸಿದ್ದ ಕಥೆಯೊಂದನ್ನು ಮರುಮುದ್ರಿಸಹೊರಟರು. ಯಂತ್ರಮಾನವರ ಲೋಕವೊಂದರಲ್ಲಿ ನೀಲಿಯವರನ್ನು ಕಿತ್ತಳೆಯವರು ಬರಿಯ ಬಣ್ಣದ ಕಾರಣಕ್ಕೆ ಕೀಳಾಗಿ ಕಾಣುತ್ತಾರೆ. ಭೂಮಿಯಿಂದ ಬಂದ ಪರೀಕ್ಷಕ ಅವರನ್ನು ಅನರ್ಹರೆಂದು ಸಾರಿ ಮರಳುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದಾಗ ಅವನೊಬ್ಬ ಕಪ್ಪುವರ್ಣೀಯ, ಹಣೆಯ ಮೇಲೆ ಬೆವರ ಹನಿಗಳು. ಸಂಹಿತೆಯ ಆಡಳಿತಾಧಿಕಾರಿ ನ್ಯಾಯಾಧೀಶ ಚಾರ್ಲ್ಸ್ ಮರ್ಫಿ ಅವನು ಕಪ್ಪಗಿರಕೂಡದೆಂದರು. ಬಳಿಕ ಆ ಬೆವರ ಹನಿಗಳನ್ನಾದರೂ ಅಳಿಸಬೇಕೆಂದರು. ಗೇನ್ಸ್ ಒಪ್ಪದೆ ಕಥೆಯನ್ನು ಹಾಗೆಯೇ ಮುದ್ರಿಸಿ, ತಮ್ಮ ಕಾಮಿಕ್ಸ್ ಪುಸ್ತಕಗಳನ್ನೇ ನಿಲ್ಲಿಸಿಬಿಟ್ಟರು. ಸ್ತ್ರೀಯ ತೆರೆದ ತೋಳಿನಲ್ಲಿ ಅಸಭ್ಯತೆ ಕಂಡ ಕಣ್ಣಿಗೆ ಕಪ್ಪು ಹಣೆಯ ಬೆವರಿನಲ್ಲೂ ಅಸಭ್ಯತೆಯೇ ಕಂಡಿತು. ಹಝ್ರತ್ ಬಿಲಾಲ್‌ರ ಕಥೆ ಕೇಳಿ ಬೆಳೆದ ಸಮುದಾಯ ಇಂತಹ 'ಸಭ್ಯತೆ'ಯನ್ನು ತನ್ನದೆಂದು ಹೇಳಿಕೊಳ್ಳಲಾರದು.

ನಮ್ಮ ದೃಷ್ಟಿಯಲ್ಲಿ ಬಿಷಪರೂ ವೈದ್ಯರೂ ಪ್ರಕಾಶಕರೂ ಎಡವಿದ್ದು ಒಂದೇ ಸ್ಥಳದಲ್ಲಿ. ಅವರೆಲ್ಲರೂ ಕೇಳಿದ ಪ್ರಶ್ನೆ: ಈ ಹೆಣ್ಣು ಎಷ್ಟು ಬಟ್ಟೆ ತೊಟ್ಟಿದ್ದಾಳೆ? ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 30ನೇ ಸೂಕ್ತವಾದರೋ ಮೊದಲು ಸತ್ಯವಿಶ್ವಾಸಿ ಪುರುಷರನ್ನು ಕರೆದು ದೃಷ್ಟಿ ತಗ್ಗಿಸಲು ಆಜ್ಞಾಪಿಸುತ್ತದೆ; ಸ್ತ್ರೀಯರ ದೃಷ್ಟಿ ಮತ್ತು ಉಡುಪಿನ ಮಾತು ಬರುವುದು ಅನಂತರದ ಸೂಕ್ತದಲ್ಲಿ. ಈ ಕ್ರಮಕ್ಕೆ ಅರ್ಥವಿದೆ. ಹಯಾ ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ) ಕಲಿಸಿದಾಗ ಅದನ್ನು ಸ್ತ್ರೀಯರಿಗಷ್ಟೇ ಮೀಸಲಿಡಲಿಲ್ಲ. ಚಿತ್ರಿಸಿದವನ, ಮುದ್ರಿಸಿದವನ, ಕಾಸು ಕೊಟ್ಟು ಕೊಂಡವನ ಕಣ್ಣುಗಳ ವಿಚಾರವನ್ನು ಸೆನೆಟ್ಟಿನ ಉಪಸಮಿತಿ ಕೈಗೆತ್ತಿಕೊಳ್ಳಲಿಲ್ಲ.

ಎತ್ತಿಕೊಳ್ಳದ ಆ ಪ್ರಶ್ನೆಯೇ ಮುಂದೆ ದುಪ್ಪಟ್ಟಾಗಿ ಮರಳಿತು. 1970ರ ದಶಕದ ಕೊನೆಯಿಂದ ಕಾಮಿಕ್ಸ್ ಮಾರಾಟ ಬೀದಿಯ ಪತ್ರಿಕೆ ಅಂಗಡಿಗಳಿಂದ ಅದಕ್ಕೆಂದೇ ತೆರೆದ ಮಳಿಗೆಗಳಿಗೆ ಸರಿಯಿತು. ಅಲ್ಲಿಗೆ ಬರುವವರು ಹೆಚ್ಚಾಗಿ ವಯಸ್ಕ ಗಂಡಸರು. ಅಲ್ಲಿ ಸಂಹಿತೆಯ ಮುದ್ರೆ ಬೇಕಿರಲಿಲ್ಲ. ಹೀಗಾಗಿ 1990ರ ದಶಕದಲ್ಲಿ ನಾಯಕಿಯರ ಉಡುಪು ದಾರದಷ್ಟಾಯಿತು, ಬೆನ್ನೆಲುಬು ಯಾವ ಮನುಷ್ಯಳಿಗೂ ಸಾಧ್ಯವಿಲ್ಲದಂತೆ ತಿರುಚಿಕೊಂಡಿತು. ಮಾರ್ವೆಲ್ ಸಂಸ್ಥೆ 2001ರಲ್ಲಿ, ಡಿಸಿ ಸಂಸ್ಥೆ 2011ರಲ್ಲಿ ಸಂಹಿತೆಯಿಂದ ಹೊರಬಂದವು.

ಈ ಬಾರಿ ದನಿಯೆತ್ತಿದವರು ಪಾದ್ರಿಗಳಲ್ಲ, ಓದುಗ ಸ್ತ್ರೀಯರು. 2012ರ ಕೊನೆಯಲ್ಲಿ ಕೆಲವರು ಸೊಗಸಾದ ಉಪಾಯವೊಂದನ್ನು ಹೂಡಿದರು: ನಾಯಕಿಯರನ್ನು ನಿಲ್ಲಿಸುವ ಭಂಗಿಯಲ್ಲೇ 'ಹಾಕ್‌ಐ' ಎಂಬ ಪುರುಷ ನಾಯಕನನ್ನು ಬಿಡಿಸಿ ತೋರಿಸಿದರು. ನೋಡಿದವರು ನಕ್ಕರು, ನಕ್ಕ ಮೇಲೆ, ಇದೇ ಭಂಗಿ ಹೆಣ್ಣಿನದಾದಾಗ ನಮಗೇಕೆ ನಗು ಬರಲಿಲ್ಲ ಎಂದು ಯೋಚಿಸಬೇಕಾಯಿತು. 2014ರಲ್ಲಿ ಇಟಲಿಯ ಮಿಲೋ ಮನಾರಾ ಬಿಡಿಸಿದ 'ಸ್ಪೈಡರ್ ವುಮನ್' ಮುಖಪುಟಕ್ಕೆ ತೀವ್ರ ವಿರೋಧ ಬಂದಿತು. ಸಮರ್ಥಕರು ಎಂದಿನಂತೆ ಕಲೆಯ ಸ್ವಾತಂತ್ರ್ಯವನ್ನೂ, ತನಗೆ ಬೇಕಾದುದನ್ನು ತೊಡುವ ಹೆಣ್ಣಿನ ಆಯ್ಕೆಯನ್ನೂ ಮುಂದಿಟ್ಟರು. ಮೊದಲನೆಯದನ್ನು ಚರ್ಚಿಸಬಹುದು. ಎರಡನೆಯದು ಇಲ್ಲಿ ಅನ್ವಯಿಸದು. ಕಾಗದದ ಮೇಲಿನ ಹೆಣ್ಣಿಗೆ ಆಯ್ಕೆಯೆಂಬುದಿಲ್ಲ. ಅವಳು ಬಯಸಿ ತೊಟ್ಟಳು ಎಂದು ಹೇಳುವವನೇ ಅವಳಿಗೆ ಅದನ್ನು ತೊಡಿಸಿದವನು.

ಇದೇ ಮಾತು ನಮ್ಮವರೆಂದು ಚಿತ್ರಿಸಲ್ಪಟ್ಟ ಪಾತ್ರಗಳಿಗೂ ಸಲ್ಲುತ್ತದೆ. 2002ರಲ್ಲಿ, ಅಫಘಾನಿಸ್ತಾನದ ಮೇಲೆ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ, ಮಾರ್ವೆಲ್‌ನ 'ಎಕ್ಸ್-ಮೆನ್' ಕಥೆಗಳಲ್ಲಿ ಸೂರಯ್ಯಾ ಖಾದಿರ್ ಎಂಬ ಅಫಘಾನಿ ಹುಡುಗಿ ಬಂದಳು. ಮರಳಾಗಿ ಕರಗುವುದು ಅವಳ ಶಕ್ತಿ. ಅವಳಿಗೆ ತನ್ನ ದೇಶದ ಬುರ್ಖಾದ ಬದಲು ಅರಬ್ ನಾಡುಗಳ ಕಪ್ಪು ಅಬಾಯ, ನಿಖಾಬ್ ತೊಡಿಸಲಾಯಿತು. ಅಷ್ಟೇ ಆಗಿದ್ದರೆ ಅಜ್ಞಾನವೆಂದು ಬಿಡಬಹುದಿತ್ತು. ಕೆಲವು ಚಿತ್ರಕಾರರು ಆ ಅಬಾಯವನ್ನೂ ಮೈಗೆ ಅಂಟಿಸಿ, ಒಳಗಿನ ದೇಹರೇಖೆ ಎದ್ದು ಕಾಣುವಂತೆ ಬಿಡಿಸಿದರು. ಅಡಿಯಿಂದ ಮುಡಿಯವರೆಗೆ ಮುಚ್ಚಿದ ಉಡುಪನ್ನೂ ಪ್ರದರ್ಶನದ ವಸ್ತುವಾಗಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. 2013ರಲ್ಲಿ ಈಜಿಪ್ಟಿನ ಯುವ ಕಲಾವಿದೆ ದೀನಾ ಮುಹಮ್ಮದ್ 'ಖಾಹಿರಾ' ಎಂಬ ಹಿಜಾಬ್‌ಧಾರಿ ನಾಯಕಿಯನ್ನು ಬಿಡಿಸತೊಡಗಿದಾಗ ಅದೇ ಬಗೆಯ ಉಡುಪು ತೀರ ಬೇರೆಯಾಗಿ ಕಂಡಿತು. ಬೀದಿಯಲ್ಲಿ ಹೆಂಗಸರನ್ನು ಕೆಣಕುವವರೂ, ಮುಸ್ಲಿಮ್ ಸ್ತ್ರೀಯನ್ನು ಉದ್ಧರಿಸಲೆಂದು ಹೊರಟ ಪಾಶ್ಚಾತ್ಯರೂ ಖಾಹಿರಾಳಿಂದ ಸಮನಾಗಿ ಪಾಠ ಕಲಿಯುತ್ತಾರೆ.

ಇನ್ನು ಕಮಲಾ ಖಾನ್. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಕುಟುಂಬದ ಈ ಹದಿನಾರರ ಹುಡುಗಿ 2014ರಲ್ಲಿ 'ಮಿಸ್ ಮಾರ್ವೆಲ್' ಹೆಸರಿನಲ್ಲಿ ಸ್ವಂತ ಪುಸ್ತಕ ಪಡೆದಳು. ಬರೆದವರು ಇಸ್ಲಾಮನ್ನು ಸ್ವೀಕರಿಸಿದ ಅಮೆರಿಕನ್ ಲೇಖಕಿ ಜಿ. ವಿಲ್ಲೋ ವಿಲ್ಸನ್, ಸಂಪಾದಕಿ ಸನಾ ಅಮಾನತ್. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂದಿತು. ಅದರ ಆರಂಭದಲ್ಲೇ ನಮ್ಮ ವಿಷಯಕ್ಕೆ ಸಂಬಂಧಿಸಿದ ಪ್ರಸಂಗವಿದೆ. ಶಕ್ತಿ ದೊರೆತಾಗ ಕಮಲಾ ತನ್ನ ಆರಾಧ್ಯ ನಾಯಕಿಯ ರೂಪವನ್ನೇ ಬೇಡುತ್ತಾಳೆ: ಹೊಂಬಣ್ಣದ ಕೂದಲು, ತೊಡೆ ತೆರೆದ ಕಪ್ಪು ಉಡುಪು, ಎತ್ತರದ ಬೂಟು. ಬೇಡಿದ್ದು ಸಿಗುತ್ತದೆ. ಆದರೆ ಬೂಟು ಕಚ್ಚುತ್ತದೆ, ಕೂದಲು ಮುಖಕ್ಕೆ ಅಡರುತ್ತದೆ, ಉಡುಪು ಎಲ್ಲೆಲ್ಲಿಯೋ ಸಿಲುಕಿ ಹಿಂಸಿಸುತ್ತದೆ. ಆ ಹಿಂಸೆಯ ನಡುವೆಯೇ ನೀರಿಗೆ ಬಿದ್ದ ಸಹಪಾಠಿಯೊಬ್ಬಳನ್ನು ಕಾಪಾಡುವಾಗ ಅವಳಿಗೆ ನೆನಪಾಗುವುದು ತಂದೆ ಹೇಳಿಕೊಟ್ಟ ಕುರ್‌ಆನಿನ ಸೂಕ್ತ, ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಆಶಯದ್ದು. ಬಳಿಕ ಅವಳು ತನ್ನದೇ ಉಡುಪನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಾಳೆ. ಮನೆಯಲ್ಲಿದ್ದ ಬುರ್ಕಿನಿಯೇ, ಅಂದರೆ ಮುಸ್ಲಿಮ್ ಸ್ತ್ರೀಯರು ಈಜುವಾಗ ತೊಡುವ ಮೈಮುಚ್ಚುವ ಉಡುಪೇ, ಅದಕ್ಕೆ ಆಧಾರ. ಕಮಲಾ ಹಿಜಾಬ್ ಧರಿಸುವುದಿಲ್ಲ. ಅದನ್ನು ಕೊರತೆಯೆಂದು ಕಾಣುವವರು ನಮ್ಮಲ್ಲಿದ್ದಾರೆ, ನಾವೂ ಅವಳನ್ನು ಶರೀಅತ್ತಿನ ಮಾದರಿಯೆಂದು ಮುಂದಿಡುತ್ತಿಲ್ಲ. ಆದರೂ ವಂಡರ್ ವುಮನ್‌ಳ ವಿಷಯದಲ್ಲಿ ಜೋಸೆಟ್ ಫ್ರಾಂಕ್ ಹೇಳಹೊರಟು ಹೇಳಲಾಗದೆ ಹೋದುದನ್ನು ಎಪ್ಪತ್ತು ವರ್ಷಗಳ ಬಳಿಕ ಇಬ್ಬರು ಮುಸ್ಲಿಮ್ ಸ್ತ್ರೀಯರು ಹೇಳಿಸಿದರೆಂಬುದು ಸಣ್ಣ ಸಂಗತಿಯಲ್ಲ.

2016ರ ಅಕ್ಟೋಬರ್ 21ರಂದು ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಸ್ತ್ರೀ ಸಬಲೀಕರಣದ ಗೌರವ ರಾಯಭಾರಿಯಾಗಿ ಘೋಷಿಸಿತು. ವಿಶ್ವಸಂಸ್ಥೆಯ ಸಿಬ್ಬಂದಿಯೇ ಸಭಾಂಗಣದಲ್ಲಿ ಬೆನ್ನು ತಿರುಗಿಸಿ ನಿಂತು ಪ್ರತಿಭಟಿಸಿದರು. ಅಸಾಧ್ಯ ದೇಹಾಕಾರದ, ಅರೆಬಟ್ಟೆಯ, ಅಮೆರಿಕದ ಧ್ವಜವನ್ನೇ ಮೈಮೇಲೆ ಹೊದ್ದ ಬಿಳಿಯಳು ಜಗತ್ತಿನ ಹೆಣ್ಣುಮಕ್ಕಳನ್ನು ಪ್ರತಿನಿಧಿಸಲಾರಳು ಎಂಬ ಮನವಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಡಿಸೆಂಬರಿನಲ್ಲಿ ಆ ರಾಯಭಾರ ಕೊನೆಗೊಂಡಿತು. ಬಿಷಪ್ ನೋಲ್ ಪತ್ರ ಬರೆದು ಆಗ 74 ವರ್ಷಗಳಾಗಿದ್ದವು.

ಅದಕ್ಕೆ ಎರಡು ತಿಂಗಳ ಹಿಂದೆ, ಅದೇ ವರ್ಷದ ಆಗಸ್ಟಿನಲ್ಲಿ, ಫ್ರಾನ್ಸಿನ ಕಡಲತೀರದ ಹಲವು ಪಟ್ಟಣಗಳು ಬುರ್ಕಿನಿಯನ್ನು ನಿಷೇಧಿಸಿದ್ದವು. ನೀಸ್ ನಗರದ ಮರಳ ಮೇಲೆ ಒಬ್ಬ ಸ್ತ್ರೀ ಕುಳಿತಿದ್ದಾಳೆ, ನಾಲ್ವರು ಸಶಸ್ತ್ರ ಪೊಲೀಸರು ಸುತ್ತ ನಿಂತಿದ್ದಾರೆ, ಅವಳು ತನ್ನ ಉದ್ದ ತೋಳಿನ ಮೇಲಂಗಿಯನ್ನು ಕಳಚುತ್ತಿದ್ದಾಳೆ: ಆ ಛಾಯಾಚಿತ್ರವನ್ನು ಜಗತ್ತೆಲ್ಲ ನೋಡಿತು. ಆಗಸ್ಟ್ 26ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂತಹ ಒಂದು ನಿಷೇಧವನ್ನು ತಡೆಹಿಡಿಯಿತು. 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲಾ ಕಾಲೇಜುಗಳ ಗೇಟಿನ ಮುಂದೆ ಕ್ಯಾಮರಾಗಳೆದುರು ಶಿರವಸ್ತ್ರ ಬಿಚ್ಚಿದ ಹುಡುಗಿಯರಿಗೂ ಶಿಕ್ಷಕಿಯರಿಗೂ ಆ ಛಾಯಾಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀಸ್‌ನ ಆ ಬೇಸಿಗೆಯಲ್ಲೂ ಕಮಲಾ ಖಾನ್‌ಳ ಪುಸ್ತಕಗಳು ಒಂದಾದ ಮೇಲೊಂದು ಹೊರಬರುತ್ತಿದ್ದವು. ಅವುಗಳಲ್ಲಿ ಅವಳು ಬುರ್ಕಿನಿಯಿಂದ ಹುಟ್ಟಿದ ತನ್ನ ನೀಲಿ ಕೆಂಪು ಉಡುಪಿನಲ್ಲೇ ನಿಂತಿದ್ದಳು.